ಐದರಲ್ಲಿ ಎಷ್ಟು?

ಒಂದು ವಸ್ತುವನ್ನು ಕೊಂಡ ಮೇಲೆ ಅದರಿಂದ ಎಷ್ಟು ತೃಪ್ತಿಯಾಯಿತೆಂದು ಮಾರಿದವನೇ ವಿಚಾರಿಸುವ ಕಾಲ ಬಂದೀತೆಂದು ನಮ್ಮ ಹಿರಿಯರು ಕನಸಿನಲ್ಲಿಯೂ ಎಣಿಸಿರಲಾರರು. ನಮ್ಮ ಕಡೆಯ ಸಂತೆಯಲ್ಲಿ ಕುಡುಗೋಲು ಮಾರಿದವನು ಹಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದಿನ ಗಿರಾಕಿಯ ಕಡೆಗೆ ತಿರುಗುತ್ತಿದ್ದನೇ ಹೊರತು, 'ಯಜಮಾನರೇ, ಕುಡುಗೋಲಿನಿಂದ ತಮಗೆ ಸಂತೃಪ್ತಿಯಾಯಿತೇ? ಐದರಲ್ಲಿ ಎಷ್ಟು?' ಎಂದು ಹಿಂದೆ ಬರುತ್ತಿರಲಿಲ್ಲ. ಬಂದಿದ್ದರೆ ನಮ್ಮ ತಂದೆ ಅವನಿಗೆ ತಲೆ ಸರಿಯಿಲ್ಲವೆಂದೇ ತಿಳಿಯುತ್ತಿದ್ದರು.

ನನಗೆ ಅಂಥ ಪ್ರಶ್ನೆ ಬಂದಿದೆ. ಆರು ತಿಂಗಳ ಹಿಂದೆ ಕೊಂಡ ಲ್ಯಾಪ್‌ಟಾಪಿನ ಕಂಪನಿಯವರು ಒಂದು ಪ್ರಶ್ನಾವಳಿಯನ್ನು ಕಳುಹಿಸಿದ್ದಾರೆ. ಪ್ರಶ್ನೆಗಳು ಎರಡೇ. ಮೊದಲನೆಯದು, ತಮ್ಮ ಸಂತೃಪ್ತಿಗೆ ಐದು ನಕ್ಷತ್ರಗಳಲ್ಲಿ ಎಷ್ಟು ಕೊಡುವಿರಿ? ಎರಡನೆಯದು, ಯಾವ ಸುಧಾರಣೆಗಳನ್ನು ಬಯಸುವಿರಿ? ಎರಡನೆಯದರ ಕೆಳಗೆ ಇನ್ನೂರು ಅಕ್ಷರ ಹಿಡಿಯುವ ಒಂದು ಪುಟ್ಟ ಚೌಕ. ಇಪ್ಪತ್ತು ವರ್ಷದಿಂದ ವಿದ್ಯಾರ್ಥಿಗಳಿಗೆ 'ಸವಿಸ್ತಾರವಾಗಿ ಉತ್ತರಿಸಿರಿ' ಎಂದು ಪ್ರಶ್ನೆ ಕೊಟ್ಟವನಿಗೆ ಇನ್ನೂರು ಅಕ್ಷರದಲ್ಲಿ ಉತ್ತರಿಸುವುದು ಹೇಗೆ ಸಾಧ್ಯ? ಪೀಠಿಕೆ ಮುಗಿಯುವ ಮೊದಲೇ ಚೌಕ ತುಂಬಿಹೋಯಿತು. ಆದಕಾರಣ ಸವಿಸ್ತಾರ ಉತ್ತರವನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಕನ್ನಡದ ಮೇಷ್ಟರಿಗೆ ಲಕ್ಷ ರೂಪಾಯಿ ಮೀರಿದ ಯಂತ್ರವೇಕೆಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದಳು. ಸಂಬಳದ ಬಾಕಿ ಒಟ್ಟಿಗೆ ಕೈಸೇರಿದಾಗ ಮನುಷ್ಯನಿಗೆ ಒಂದು ಬಗೆಯ ಮಂಕು ಕವಿಯುತ್ತದೆ ಎಂಬುದನ್ನು ಬಿಟ್ಟರೆ ನನ್ನಲ್ಲಿ ಬೇರೆ ಸಮಾಧಾನವಿರಲಿಲ್ಲ. ಒಂದು ಲಕ್ಷದ ಹದಿನೆಂಟು ಸಾವಿರ ಕೊಟ್ಟು ತಂದೆ. ಶನಿವಾರ ಸಿರಿಗೇರಿಗೆ ಹೋಗಿ ತಾಯಿಗೆ ತೋರಿಸಿದೆ. ಆಕೆ ಬೆಲೆ ಕೇಳಿ, "ಒಂದು ಜೋಡಿ ಎತ್ತು ಬರ್ತಿದ್ವಲ್ಲೋ!" ಎಂದಳು. ನಮ್ಮ ಮನೆಯಲ್ಲಿ ಎತ್ತು ಕಟ್ಟದೆ ಹದಿನೈದು ವರ್ಷವಾಗಿದೆ. ಆದರೂ ದೊಡ್ಡ ಮೊತ್ತಗಳನ್ನು ಆಕೆ ಇಂದಿಗೂ ಎತ್ತಿನ ಜೋಡಿಗಳಲ್ಲಿಯೇ ಎಣಿಸುತ್ತಾಳೆ.

ಯಂತ್ರ ಒಳ್ಳೆಯದೇ. ಅದನ್ನು ಮೊದಲು ಹೇಳಿಬಿಡುವುದು ನ್ಯಾಯ. ಕಾಲೇಜಿನ ಹಳೆಯ ಗಣಕದ ತೆರೆಯ ಮೇಲೆ ಸಣ್ಣ ಅಕ್ಷರದಲ್ಲಿ ಥಕಾರಕ್ಕೂ ಧಕಾರಕ್ಕೂ ಭೇದವೇ ಕಾಣುತ್ತಿರಲಿಲ್ಲ. ಒಂದರ ಹೊಟ್ಟೆಯೊಳಗೆ ಚುಕ್ಕೆ, ಇನ್ನೊಂದರ ಹೊಟ್ಟೆಯ ಕೆಳಗೆ ಸೀಳು. ಎರಡೂ ಸೇರಿ ಒಂದು ಮಸಿಯ ಮುದ್ದೆ. ಪಕಾರ ಷಕಾರಗಳ ಪಾಡೂ ಅದೇ. ಈ ತೆರೆಯ ಮೇಲಾದರೋ ಒಂದೊಂದು ಅಕ್ಷರವೂ ಮಿಂದು ಮಡಿಯುಟ್ಟು ಬಂದ ಹಾಗೆ ನಿಲ್ಲುತ್ತದೆ. ಮೊದಲ ದಿನ ಬೇರೇನೂ ಕೆಲಸ ಮಾಡದೆ ಒತ್ತಕ್ಷರಗಳನ್ನೇ ಬರೆದು ಬರೆದು ನೋಡಿದೆನೆಂದರೆ ನೀವು ನಗಬಾರದು. ತೂಕ ಒಂದೂಕಾಲು ಕಿಲೋ; ನನ್ನ ಚೀಲದಲ್ಲಿ ನಿಘಂಟಿನ ಒಂದು ಸಂಪುಟ ಇದಕ್ಕಿಂತ ಭಾರ. ಬೆಳಿಗ್ಗೆ ವಿದ್ಯುತ್ತು ಕುಡಿಸಿದರೆ ಸಂಜೆಯವರೆಗೆ ಮತ್ತೆ ಕೇಳುವುದಿಲ್ಲ. ಊರಿನಲ್ಲಿ ಕರೆಂಟು ಹೋದಾಗ ಇಡೀ ಓಣಿ ನಿಟ್ಟುಸಿರು ಬಿಡುತ್ತಿದ್ದರೂ ನಾನು ನಿಶ್ಚಿಂತೆಯಿಂದ ಬರೆಯುತ್ತಿರುತ್ತೇನೆ. ಇಷ್ಟಕ್ಕೇ ನಕ್ಷತ್ರ ಕೊಡುವುದಾದರೆ ಐದೂ ಕೊಟ್ಟುಬಿಡಬಹುದಾಗಿತ್ತು.

ತೊಡಕು ಬೇಸಗೆಯಲ್ಲಿ ಆರಂಭವಾಯಿತು. ಯಂತ್ರದ ಜೊತೆಗೆ ಬಂದ ಸೂಚನೆಗಳಲ್ಲಿ, ಇದನ್ನು 10ರಿಂದ 35 ಡಿಗ್ರಿ ಉಷ್ಣತೆಯೊಳಗೆ ಬಳಸತಕ್ಕದ್ದು ಎಂದಿದೆ. ಇದನ್ನು ಬರೆದ ಮಹಾಶಯರು ಬಳ್ಳಾರಿಗೆ ಬಂದವರಲ್ಲ. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಅವರ ಮಾತು ಕೇಳಿದರೆ ಎರಡು ತಿಂಗಳು ನಾನು ಬೆಳಗಿನ ಜಾವದಲ್ಲಿ ಮಾತ್ರ ವಿದ್ವಾಂಸನಾಗಿರಬೇಕು. ಲೋಹದ ಮೈ ಕಾದ ಹೆಂಚಿನ ಹಾಗಾಗುತ್ತದೆ. ಮಡಿಲ ಮೇಲೆ ಇಡುವುದಕ್ಕೆಂದೇ ಹೆಸರು ಪಡೆದ ಯಂತ್ರವನ್ನು ಊಟದ ಮಣೆಯ ಮೇಲಿಟ್ಟು, ನಾನು ಅದರ ಮುಂದೆ ಪೂಜೆಗೆ ಕುಳಿತವನಂತೆ ಕುಳಿತು ಬರೆದೆ. ಇನ್ನು ಎರೆಮಣ್ಣಿನ ಧೂಳು. ಅದು ಅತಿಥಿಯಲ್ಲ, ಮನೆಯವನೇ. ಕೀಲಿಗಳ ಸಂದಿಯಲ್ಲಿ ಬಂದು ನೆಲೆಸಿತು. ಇದಕ್ಕೆ ಪರಿಹಾರ ಮಾಡಿದವನು ಬಳ್ಳಾರಿಯ ಒಬ್ಬ ದರ್ಜಿ. ನಮ್ಮ ಊರಿನ ಜೀನ್ಸ್ ಹೊಲಿಗೆ ನಾಡಿಗೆಲ್ಲ ಹೆಸರಾದದ್ದಷ್ಟೆ. ಆತ ಉಳಿದ ತುಂಡುಗಳಲ್ಲಿ ಯಂತ್ರದ ಅಳತೆಗೆ ಸರಿಯಾಗಿ ಒಂದು ಚೀಲ ಹೊಲಿದು ಇನ್ನೂರು ರೂಪಾಯಿ ತೆಗೆದುಕೊಂಡ. ಬಯಸಿದ ಸುಧಾರಣೆಗಳಲ್ಲಿ ಇದುವರೆಗೆ ಕೈಗೂಡಿರುವುದು ಇದೊಂದೇ.

ಬಿಸಿಲಿಗೆ ಹೆದರಿ ಒಂದು ದಿನ ರಿಪೇರಿಯವನ ಬಳಿ ಹೋಗಿ, ನಾಳೆ ಏನಾದರೂ ಕೆಟ್ಟರೆ ಹೇಗೆಂದು ವಿಚಾರಿಸಿದೆ. ಆತ ಯಂತ್ರವನ್ನು ತಿರುಗಿಸಿ ನೋಡಿ, ವೈದ್ಯರು ಬಂಧುಗಳ ಮುಂದೆ ತಲೆಯಾಡಿಸುವಂತೆ ಆಡಿಸಿದ. ಬ್ಯಾಟರಿಯನ್ನು ಒಳಗೆ ಅಂಟುಹಾಕಿ ಕೂರಿಸಿದ್ದಾರೆ. ಸ್ಮರಣೆಯ ಭಾಗವನ್ನು ಫಲಕಕ್ಕೇ ಬೆಸೆದಿದ್ದಾರೆ. ಒಂದು ಕೆಟ್ಟರೆ ಅದರೊಡನೆ ನಾಲ್ಕು ಹೋಗಬೇಕು. ತೆಳ್ಳಗಿನ, ದುಬಾರಿ ಯಂತ್ರಗಳಲ್ಲಿ ಬಹಳಷ್ಟು ಹೀಗೆಯೇ ಅಂತೆ. ಕಡಮೆ ಬೆಲೆಯ ದಪ್ಪ ಯಂತ್ರವಾಗಿದ್ದರೆ ನಾಲ್ಕು ತಿರುಪು ಬಿಚ್ಚಿ ಸರಿಮಾಡುತ್ತಿದ್ದೆ ಎಂದು ಆತ ಹೇಳಿದಾಗ ನನಗೆ ನಮ್ಮ ತಂದೆಯ ಕೂರಿಗೆ ನೆನಪಾಯಿತು.

ಕೂರಿಗೆಗೆ ಒಂದು ದಿಂಡು, ಅದಕ್ಕೆ ತಾಳುಗಳು, ತಾಳಿನ ತುದಿಗೆ ಕುಳ, ಮೇಲೆ ಬೀಜದ ಬಟ್ಟಲು, ಬಟ್ಟಲಿನಿಂದ ಇಳಿದ ಬಿದಿರಿನ ಕೊಳವೆಗಳು. ಇದರಲ್ಲಿ ಯಾವುದು ಮುರಿದರೂ ಊರಿನ ಬಡಿಗ, ಕಮ್ಮಾರ ಅದೊಂದನ್ನೇ ಬದಲಿಸಿ ಕೊಡುತ್ತಿದ್ದರು. ಒಂದೊಂದು ಭಾಗಕ್ಕೂ ಒಂದೊಂದು ಹೆಸರು ಹುಟ್ಟಿದ್ದೇ ಅದಕ್ಕಾಗಿ ಎಂದು ಈಗ ತೋರುತ್ತದೆ: ಬಿಚ್ಚಲು ಬಂದದ್ದಕ್ಕೆ ಹೆಸರು ಬೇಕು. ನನ್ನ ಯಂತ್ರದೊಳಗಿನ ಒಂದು ಭಾಗಕ್ಕೂ ನನ್ನಲ್ಲಿ ಹೆಸರಿಲ್ಲ, ಏಕೆಂದರೆ ಅದನ್ನು ನಾನು ಎಂದೂ ಕಾಣಲಾರೆ. ಇದು ನನ್ನೊಬ್ಬನ ಗೊಣಗಾಟವಲ್ಲ. ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ನಿಯಮವೊಂದು, 2027ರ ಫೆಬ್ರವರಿಯಿಂದ ಇಂಥ ಸಾಧನಗಳ ಬ್ಯಾಟರಿಯನ್ನು ಬಳಸುವವನೇ ತೆಗೆದು ಹಾಕುವಂತಿರಬೇಕೆಂದು ವಿಧಿಸುತ್ತದೆ. ನಮ್ಮ ಸರ್ಕಾರವೂ 2022ರಲ್ಲಿ ರಿಪೇರಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆಯಿತು. ನಮ್ಮ ಬಡಿಗನಿಗೆ ತಿಳಿದಿದ್ದುದನ್ನು ಲೋಕ ಮತ್ತೆ ಕಾನೂನು ಮಾಡಿ ಕಲಿಯುತ್ತಿದೆ.

ಕೂರಿಗೆಯ ಮಾತಿನಿಂದ ನನ್ನ ನಿಜವಾದ ಸಂಕಟಕ್ಕೆ ಬರುತ್ತೇನೆ. ಈ ಯಂತ್ರವನ್ನು ಕೊಂಡದ್ದಕ್ಕೆ ಹೆಂಡತಿಯ ಮುಂದೆ ಹೇಳದ ಇನ್ನೊಂದು ಕಾರಣವಿತ್ತು. 2006ರ ಬೇಸಗೆಯ ರಜೆಯಲ್ಲಿ ನಾನು ತಂದೆಯ ಪಕ್ಕದಲ್ಲಿ ಕುಳಿತು ಬೇಸಾಯದ ಮಾತುಗಳನ್ನು ಬರೆದುಕೊಂಡಿದ್ದೆ. ಎರೆ, ಮಸಾರಿ ಎಂದು ಮಣ್ಣಿನ ಹೆಸರು. ರೋಹಿಣಿಯಿಂದ ಸ್ವಾತಿಯವರೆಗೆ ಮಳೆಗಳ ಹೆಸರು, ಒಂದೊಂದು ಮಳೆಗೂ ಬಿತ್ತಬೇಕಾದ್ದು ಬಿಡಬೇಕಾದ್ದು. ಕಳೆಗಳ ಹೆಸರು, ಉಪಕರಣಗಳ ಹೆಸರು. ಸುಮಾರು ಏಳುನೂರು ಮಾತುಗಳು. ಬಳ್ಳಾರಿಗೆ ಬಂದು ಆಗ ಬಳಕೆಯಲ್ಲಿದ್ದ ಒಂದು ಲಿಪಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ, ಚೀಟಿಗಳನ್ನು ಬಿಸಾಡಿದೆ. ಯಂತ್ರಕ್ಕೆ ಸೇರಿದ್ದು ಶಾಶ್ವತವೆಂಬುದು ಆಗಿನ ನನ್ನ ವೇದಾಂತ. ಮೂರು ವರ್ಷಕ್ಕೆ ತಂದೆ ತೀರಿಕೊಂಡರು. ಪಟ್ಟಿಯನ್ನು ಪುಸ್ತಕ ಮಾಡಬೇಕೆಂಬುದು ಅಂದಿನಿಂದ ಮುಂದೆ ಹಾಕುತ್ತ ಬಂದ ಆಸೆ.

ಹೊಸ ಯಂತ್ರದಲ್ಲಿ ಆ ಕಡತವನ್ನು ತೆರೆದೆ. ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ರೋಮನ್ ಅಕ್ಷರಗಳು, ತಲೆಯ ಮೇಲೆ ಎಂದೂ ಕಾಣದ ಕೊಂಬು ಚುಕ್ಕೆಗಳನ್ನು ಹೊತ್ತು, ಪುಟದ ಮೇಲೆ ಪುಟ ತುಂಬಿದ್ದವು. ತಂದೆಯ ಏಳುನೂರು ಮಾತು ಯಾವುದೋ ದೆವ್ವದ ಭಾಷೆಯಾಗಿ ಕುಳಿತಿತ್ತು. ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಕಾರಣ ತಿಳಿದವರು ಹೇಳಿದರು. ಆ ಕಾಲದ ಲಿಪಿಗಳು ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ಚಿತ್ರವನ್ನು ಬಾಡಿಗೆಗೆ ಇಟ್ಟಿದ್ದವು. ಆ ಲಿಪಿ ಇಲ್ಲದ ಯಂತ್ರಕ್ಕೆ ಮನೆಯ ಮಾಲೀಕನಷ್ಟೇ ಕಾಣುತ್ತಾನೆ, ಬಾಡಿಗೆದಾರನಲ್ಲ. ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯ ಮೊದಲ ಆವೃತ್ತಿ 1991ರಲ್ಲೇ ಬಂದಿತ್ತು. ನಮ್ಮ ಕಾಲೇಜು ಕಛೇರಿಗಳಿಗೆ ಅದು ತಲುಪಿದ್ದು ಬಹಳ ತಡವಾಗಿ. ಹಳೆಯದನ್ನು ಹೊಸದಕ್ಕೆ ತಿರುಗಿಸುವ ಉಚಿತ ಪರಿವರ್ತಕಗಳಿವೆ. ಒಂದರಲ್ಲಿ ಹಾಕಿದೆ. ಕನ್ನಡ ಬಂದಿತು, ಅರ್ಕಾವತ್ತುಗಳು ಬರಲಿಲ್ಲ. ಹಳೆಯ ಲಿಪಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂರುತ್ತದೆ. ಹೊಸ ಪದ್ಧತಿಯಲ್ಲಿ ರಕಾರ ಕಿವಿಗೆ ಕೇಳುವಂತೆ ಮೊದಲು ಬರುತ್ತದೆ. ಈ ಕಣ್ಣು ಕಿವಿಗಳ ಜಗಳದಲ್ಲಿ ಪುನರ್ವಸು ಮಳೆ 'ಪುನವಸು' ಆಗಿತ್ತು, ಕರ್ಕಿ ಹುಲ್ಲು 'ಕಕಿ' ಆಗಿತ್ತು. ಇವುಗಳನ್ನು ನಾನು ಸರಿಮಾಡಿದೆ. ಆದರೆ ಉಪಕರಣಗಳ ನಡುವೆ 'ಕುಚಿಗಿ' ಎಂದೊಂದು ಮಾತು. ಬಹಳ ಯೋಚಿಸಿ 'ಕುಂಚಿಗಿ' ಎಂದು ತಿದ್ದಿದೆ. ಕುಂಚಿಗಿಯೆಂದರೆ ಕೂಸಿನ ತಲೆಗೆ ಕಟ್ಟುವುದು. ತಂದೆ ಅದನ್ನು ಕುಂಟೆಯ ಪಕ್ಕದಲ್ಲಿ ಏಕೆ ಹೇಳಿದರೆಂದು ವಿಸ್ಮಯಪಟ್ಟು, ಹೊಲದ ಬದುವಿನಲ್ಲಿ ತೊಟ್ಟಿಲು ಕಟ್ಟುತ್ತಿದ್ದ ತಾಯಂದಿರನ್ನು ಕುರಿತು ಒಂದು ಟಿಪ್ಪಣಿಯನ್ನೂ ಬರೆದೆ. ಟಿಪ್ಪಣಿ ಬಹಳ ಸೊಗಸಾಗಿತ್ತು.

ಮುಂದಿನ ಭಾನುವಾರ ಸಿರಿಗೇರಿಯ ಮನೆಯ ಕಟ್ಟೆಯ ಮೇಲೆ ಕುಳಿತು ಪಟ್ಟಿಯನ್ನು ತಾಯಿಗೆ ಓದಿದೆ. ಕುಂಚಿಗಿ ಬಂದೊಡನೆ ಆಕೆ ತಡೆದಳು. "ಕುಂಚಿಗಿ ಅಲ್ಲೋ, ಕುರ್ಚಿಗಿ!" ಎಂದು ಒಳಗೆ ಹೋಗಿ, ಗೋಡೆಯ ಮಾಡದಿಂದ ಕಳೆ ತೆಗೆಯುವ ಆ ಕಬ್ಬಿಣದ ಸಾಧನವನ್ನೇ ತಂದು ನನ್ನ ಮುಂದಿಟ್ಟಳು. ಹಿಡಿ ಸವೆದು ನುಣುಪಾಗಿತ್ತು. ಎಷ್ಟೋ ವರ್ಷ ಅದನ್ನು ಹಿಡಿದ ಕೈ ಅವಳದೇ. ಒಂದು ಅರ್ಕಾವತ್ತು ಕಳೆದುಹೋದರೆ ಒಬ್ಬ ಎಂ.ಎ. ಪದವೀಧರ ಕೂಡ ತನ್ನ ತಾಯಿಯ ಕೈಯಲ್ಲಿದ್ದುದನ್ನು ಮರೆತು ಕೂಸಿನ ಕುಲಾಯಿಯನ್ನು ಕುರಿತು ಪ್ರಬಂಧ ಬರೆಯಬಲ್ಲನೆಂದು ನನಗೆ ತಿಳಿದದ್ದು ಆಗ. ಆಕೆಯೂ ಇಲ್ಲದಿದ್ದರೆ ಆ ತಪ್ಪು ಅಚ್ಚಾಗಿ, ಮುಂದಿನವರು ಅದನ್ನೇ ಪ್ರಮಾಣವೆಂದು ಉಲ್ಲೇಖಿಸುತ್ತಿದ್ದರು.

ಸೊಗಸಾದ ಟಿಪ್ಪಣಿಯನ್ನು ಅಳಿಸಿ 'ಕುರ್ಚಿಗಿ' ಎಂದು ಬರೆಯತೊಡಗಿದೆ. ತಾಯಿ ಬಗ್ಗಿ ನೋಡುತ್ತಿದ್ದಳು. ಆಕೆ ಓದು ಕಲಿತದ್ದು ಸಾಕ್ಷರತಾ ಆಂದೋಲನದ ದಿನಗಳಲ್ಲಿ, ನಾನು ಮಾಧ್ಯಮಿಕ ಶಾಲೆಯಲ್ಲಿದ್ದಾಗ. ರಾತ್ರಿ ಲಾಟೀನಿನ ಮುಂದೆ ಆಕೆಯ ಕೈಹಿಡಿದು ತಿದ್ದಿಸಿದವನು ನಾನೇ. ಅಂದಿನಿಂದ ಆಕೆ ಬಸ್ಸಿನ ಹಲಗೆ, ಬೀಜದ ಚೀಲ, ಔಷಧಿಯ ಪೊಟ್ಟಣ, ಎಲ್ಲದರ ಮೇಲೂ ಅಕ್ಷರ ಹುಡುಕುತ್ತಾಳೆ. ಈಗ ಕೀಲಿಗಳ ಸಾಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನೋಡಿ, "ಇದರಾಗ ನಮ್ಮ ಅಕ್ಷರ ಎಲ್ಲದಾವಪ್ಪ?" ಎಂದು ಕೇಳಿದಳು.

ಇರಲಿಲ್ಲ. ಅಂಗಡಿಯಲ್ಲಿ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅನಂತಸುಬ್ಬರಾಯರು ಕೀಲಿಮಣೆ ರೂಪಿಸಿಕೊಟ್ಟ ಕನ್ನಡ ಬೆರಳಚ್ಚು ಯಂತ್ರದ ಗುಂಡಿಗಳ ಮೇಲೆ ಕನ್ನಡದ ಅಕ್ಷರಗಳೇ ಇರುತ್ತಿದ್ದವು. ಈಗಿನ ಗಣಕಗಳಲ್ಲಿ ಕನ್ನಡ ಇದೆ, ಒಳಗೆ ಇದೆ, ಚೆನ್ನಾಗಿಯೇ ಇದೆ. ಕಿನ್ನಿಕಂಬಳ ಪದ್ಮನಾಭ ರಾಯರು, ಎಂದರೆ ನಾವೆಲ್ಲ ಬಲ್ಲ ಕೆ. ಪಿ. ರಾಯರು, ಹಾಕಿಕೊಟ್ಟ ಜಾಡಿನಲ್ಲಿ ಕನ್ನಡದ ಉಚ್ಚಾರವೇ ಕೀಲಿಗೆ ದಾರಿ: 'ಕೆ' ಒತ್ತಿದರೆ ಕ, 'ಜಿ' ಒತ್ತಿದರೆ ಗ. ಆದರೆ ಟ ಬೇಕಾದರೆ 'ಕ್ಯೂ', ಡ ಬೇಕಾದರೆ 'ಡಬ್ಲ್ಯೂ', ಒತ್ತು ಬೇಕಾದರೆ 'ಎಫ್' ಎಂಬುದನ್ನು ನೆನಪಿನಲ್ಲೇ ಇಟ್ಟುಕೊಳ್ಳಬೇಕು. ಇಂಗ್ಲಿಷ್ ಬಲ್ಲವನು ಇಂಗ್ಲಿಷಿನ ಬಾಗಿಲಿನಿಂದ ಕನ್ನಡದ ಮನೆಗೆ ಬರುತ್ತಾನೆ. ಕನ್ನಡವೊಂದನ್ನೇ ಬಲ್ಲವಳು ಹೊರಗೆ ನಿಂತು ಬಾಗಿಲು ಯಾವುದೆಂದು ಕೇಳುತ್ತಾಳೆ.

ಆಕೆಯ ತೋರುಬೆರಳನ್ನು ಹಿಡಿದು 'ಎ' ಎಂಬ ಕೀಲಿಯ ಮೇಲಿಟ್ಟು ಒತ್ತಿಸಿದೆ. ತೆರೆಯ ಮೇಲೆ ಅ ಮೂಡಿತು. ಹಿಂದೆ ಕೈ ಹಿಡಿದು ತಿದ್ದಿಸಿದ್ದ ಅದೇ ಅ. ಆಕೆ ನಕ್ಕು, "ಐತಲ್ಲ! ಮ್ಯಾಲೆ ಬರದಿಲ್ಲ ಅಷ್ಟ," ಎಂದಳು.

ಕಂಪನಿಯಿಂದ ಮೊನ್ನೆ ಜ್ಞಾಪನಾ ಪತ್ರ ಬಂದಿತು. ಈ ಸಲ ಪೀಠಿಕೆಯಿಲ್ಲದೆ, ಕನ್ನಡದಲ್ಲಿಯೇ ಉತ್ತರಿಸಿದೆ. ತೃಪ್ತಿ: ನಾಲ್ಕು. ಬಯಸುವ ಸುಧಾರಣೆ: ಕೀಲಿಗಳ ಮೇಲೆ ನಮ್ಮ ಅಕ್ಷರ, ಬಿಚ್ಚಲು ಬರುವ ತಿರುಪು, ನಮ್ಮ ಬಿಸಿಲನ್ನು ತಾಳುವ ಮೈ. ಇನ್ನೂರು ಅಕ್ಷರದಲ್ಲಿ ಜಾಗ ಇನ್ನೂ ಉಳಿದಿತ್ತು. ಒಡನೆಯೇ ಇಂಗ್ಲಿಷಿನಲ್ಲಿ ವಂದನೆ ಬಂದಿತು. ಅಲ್ಲಿ ಕನ್ನಡ ಓದುವವರು ಇದ್ದಾರೋ ಇಲ್ಲವೋ. ಪಟ್ಟಿಯನ್ನು ಮಾತ್ರ ಈ ಬಾರಿ ಕಾಗದದ ಮೇಲೂ ಅಚ್ಚುಮಾಡಿಸಿ ಎರಡು ಪ್ರತಿ ಇಟ್ಟಿದ್ದೇನೆ. ಒಂದು ಬಳ್ಳಾರಿಯಲ್ಲಿ ನನ್ನ ಮೇಜಿನ ಮೇಲೆ, ಇನ್ನೊಂದು ಸಿರಿಗೇರಿಯಲ್ಲಿ, ಗೋಡೆಯ ಮಾಡದಲ್ಲಿ, ಕುರ್ಚಿಗಿಯ ಪಕ್ಕದಲ್ಲಿ.