ಕಣ್ಣಿಗೂ ಒಂದು ಕಟ್ಟಳೆ

ಮಠದ ನೆರಳಿನಲ್ಲಿ ಬೆಳೆದು, ಸಂಸ್ಕೃತ ಕನ್ನಡಗಳ ಪಾಠಪ್ರವಚನಗಳಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ನನ್ನಂಥವನು ಪೊಲೀಸರ ಕ್ಯಾಮೆರಾ, ದೂರವಾಣಿ ಕದ್ದಾಲಿಕೆಗಳ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ಓದುಗ ಬಂಧುಗಳಿಗೆ ಆಶ್ಚರ್ಯವಾದೀತು. ನನಗೂ ಅದು ಆಶ್ಚರ್ಯವೇ. ಅರವತ್ತು ದಾಟಿದ ಮೇಲೆ, ನನ್ನಲ್ಲಿ ಪಾಠ ಹೇಳಿಸಿಕೊಂಡ ಹುಡುಗನೊಬ್ಬನಿಂದ ನಾನು ಕಲಿತುದನ್ನು, ಆ ಸಂದರ್ಭದಲ್ಲಿ ನನ್ನಿಂದಾದ ತಪ್ಪನ್ನೂ ಮುಚ್ಚಿಡದೆ, ಇಲ್ಲಿ ನಿವೇದಿಸುತ್ತಿದ್ದೇನೆ.

ಹುಡುಗ ಭದ್ರಾವತಿಯವನು. ತಂದೆ ಅಲ್ಲಿಯ ಕಾಗದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಕಾರ್ಖಾನೆ ನಿಂತ ಮೇಲೆ ಒಂದು ಸಣ್ಣ ಕಿರಾಣಿ ಅಂಗಡಿ ಇಟ್ಟುಕೊಂಡು ಸಂಸಾರ ಸಾಗಿಸುತ್ತಿದ್ದಾರೆ. ಮಗ ಶಿವಮೊಗ್ಗದ ಒಂದು ಉಚಿತ ಪ್ರಸಾದನಿಲಯದಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದಾನೆ. ಕೊನೆಯ ವರ್ಷದ ಅಧ್ಯಯನಕ್ಕೆ ಅವನು ಆರಿಸಿಕೊಂಡ ವಿಷಯ, ಪೊಲೀಸರು ಬಳಸುವ ಕಣ್ಗಾವಲಿನ ಯಂತ್ರಗಳು. ಅದಕ್ಕಾಗಿ ಕ್ಯಾಮೆರಾಗಳ ಚಿತ್ರ ಸಂಗ್ರಹವಾಗುವ ಒಂದು ಕೊಠಡಿಯಲ್ಲಿ ತರಬೇತಿಗೂ ಸೇರಿಕೊಂಡಿದ್ದನು. ಅವನಿಗೆ ಮಾರ್ಗದರ್ಶಕರಾಗಿ ದೊರೆತವರು ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು. ಅವರು ಮೊದಲ ದಿನವೇ ಒಂದು ಷರತ್ತು ಹಾಕಿದರಂತೆ: "ಯಂತ್ರವನ್ನು ನಾನು ತೋರಿಸುತ್ತೇನೆ. ಕಾನೂನನ್ನು ನೀನೇ ಓದಿ, ಕಾನೂನು ತಿಳಿಯದ ಒಬ್ಬ ಹಿರಿಯರಿಗೆ ಕನ್ನಡದಲ್ಲಿ ಹೇಳಬೇಕು. ಅವರಿಗೆ ಅರ್ಥವಾದರೆ ನಿನಗೂ ಅರ್ಥವಾಗಿದೆಯೆಂದು ಲೆಕ್ಕ." ಹೀಗೆ ಆ ತಿಳಿಯದ ಹಿರಿಯನ ಸ್ಥಾನ ನನಗೆ ಒದಗಿತು. ಪ್ರತಿ ಭಾನುವಾರ ಸಂಜೆ ಅವನು ಮನೆಗೆ ಬರತೊಡಗಿದನು.

ಮೊದಲು ಯಂತ್ರದ ವಿಚಾರ. ನಮ್ಮ ನಗರವು 2016ರಲ್ಲಿ ಸ್ಮಾರ್ಟ್ ಸಿಟಿಗಳ ಪಟ್ಟಿಗೆ ಸೇರಿದ ಮೇಲೆ ವೃತ್ತವೃತ್ತಗಳಲ್ಲಿ ಕ್ಯಾಮೆರಾಗಳು ಬಂದುದನ್ನು ನಾನು ನೋಡಿದ್ದೆನೇ ಹೊರತು ಅವುಗಳ ಕೆಲಸ ನನಗೆ ತಿಳಿದಿರಲಿಲ್ಲ. ಮುಖವನ್ನು ಗುರುತಿಸುವ ಯಂತ್ರವು ನಾವು ನೋಡುವಂತೆ ಮುಖವನ್ನು ನೋಡುವುದಿಲ್ಲವಂತೆ. ಮುಖದ ಲಕ್ಷಣಗಳನ್ನು ಅಂಕಿಗಳ ಒಂದು ಸಾಲಾಗಿ ಮಾರ್ಪಡಿಸಿ, ಸಂಗ್ರಹದಲ್ಲಿರುವ ಬೇರೆ ಸಾಲುಗಳೊಡನೆ ಹೋಲಿಸಿ, ಇಷ್ಟು ಹೋಲಿಕೆಯಿದೆ ಎಂದು ಮಾತ್ರ ಹೇಳುತ್ತದೆ. ಎಷ್ಟು ಹೋಲಿಕೆಯಿದ್ದರೆ ಸಾಕೆಂಬುದನ್ನು ಮನುಷ್ಯನೇ ನಿರ್ಧರಿಸಬೇಕು. ಮಬ್ಬು ಬೆಳಕಿನಲ್ಲಿ, ಜನಸಂದಣಿಯಲ್ಲಿ, ಓರೆಯಾಗಿ ತಿರುಗಿದ ಮುಖದಲ್ಲಿ ಅದು ತಪ್ಪುವುದುಂಟು. ಮೊಬೈಲಿನ ಗೋಪುರದಿಂದ ಸಿಗುವ ಗುರುತೂ ಹಾಗೆಯೇ. ಪೇಟೆಯೊಳಗೆ ಒಂದು ಗೋಪುರದ ವ್ಯಾಪ್ತಿ ಕೆಲವು ನೂರು ಮೀಟರುಗಳಾದರೆ ಮಲೆನಾಡಿನ ಊರುಗಳಲ್ಲಿ ಅದು ಕಿಲೋಮೀಟರುಗಟ್ಟಲೆ. "ಗೋಪುರ ಪ್ರದೇಶವನ್ನು ಹೇಳುತ್ತದೆ ಗುರುಗಳೇ, ಮನೆಯನ್ನಲ್ಲ" ಎಂದನು.

ಅನಂತರ ಕಾನೂನು. ಅದನ್ನು ಕೇಳುತ್ತಿದ್ದಾಗ ನನಗೆ ನೆನಪಾದದ್ದು ನಾನು ಓದಿದ ಮಠದ ಉಗ್ರಾಣ. ಅಲ್ಲಿ ಬೀಗದಕೈ ಒಬ್ಬರ ಬಳಿ, ಲೆಕ್ಕದ ಪುಸ್ತಕ ಇನ್ನೊಬ್ಬರ ಬಳಿ ಇರುತ್ತಿತ್ತು. ಉಗ್ರಾಣಿಗಳು ಎಷ್ಟೇ ಪ್ರಾಮಾಣಿಕರಾಗಿರಲಿ, ಒಂದು ಸೇರು ಅಕ್ಕಿ ಹೊರಬೀಳಬೇಕಾದರೂ ಎರಡನೆಯವರು ಬರೆದುಕೊಳ್ಳಬೇಕಾಗಿತ್ತು. ಇದು ಉಗ್ರಾಣಿಗಳಿಗೆ ಅವಮಾನವಲ್ಲವೇ ಎಂದು ಬಾಲ್ಯದಲ್ಲಿ ಕೇಳಿದ್ದೆ. "ಅವರನ್ನು ಕಾಯುವುದಕ್ಕೇ ಈ ಪುಸ್ತಕ" ಎಂದಿದ್ದರು ಹಿರಿಯರು.

ದೂರವಾಣಿ ಕದ್ದಾಲಿಕೆಯ ವಿಷಯದಲ್ಲಿ ನಮ್ಮ ದೇಶಕ್ಕೆ ಈ ಎರಡನೆಯ ಪುಸ್ತಕ ದೊರೆಯಲು ಬಹಳ ಕಾಲ ಹಿಡಿಯಿತು. 1988ರ ಆಗಸ್ಟಿನಲ್ಲಿ ಶ್ರೀ ರಾಮಕೃಷ್ಣ ಹೆಗಡೆಯವರು ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ ಮುಖ್ಯಮಂತ್ರಿ ಪದವಿಗೆ ರಾಜೀನಾಮೆಯಿತ್ತ ಸುದ್ದಿಯನ್ನು ನಾನು ಮಠದ ವಾಚನಾಲಯದಲ್ಲಿ ಓದಿದ್ದು ಇಂದಿಗೂ ನೆನಪಿದೆ. ಆಗ ಇದ್ದುದು ಬ್ರಿಟಿಷರ ಕಾಲದ 1885ರ ತಂತಿ ಕಾಯಿದೆ. ಸಾರ್ವಜನಿಕ ತುರ್ತುಪರಿಸ್ಥಿತಿ ಅಥವಾ ಸಾರ್ವಜನಿಕ ಸುರಕ್ಷತೆಯ ಸಂದರ್ಭದಲ್ಲಿ ಮಾತ್ರ ಕದ್ದಾಲಿಸಬಹುದೆಂದು ಅದು ಹೇಳುತ್ತಿತ್ತು. ಆದರೆ ಅನುಸರಿಸಬೇಕಾದ ಕ್ರಮಕ್ಕೆ ನಿಯಮಗಳಿರಲಿಲ್ಲ. 1996ರ ಡಿಸೆಂಬರ್ 18ರಂದು ಸರ್ವೋಚ್ಚ ನ್ಯಾಯಾಲಯವು ಪಿ.ಯು.ಸಿ.ಎಲ್. ಸಂಸ್ಥೆಯ ಮೊಕದ್ದಮೆಯಲ್ಲಿ ಆ ಕೊರತೆಯನ್ನು ತುಂಬಿತು. ಸಾಮಾನ್ಯವಾಗಿ ಗೃಹ ಕಾರ್ಯದರ್ಶಿಯೇ ಆದೇಶ ಕೊಡಬೇಕು. ಆ ಆದೇಶವನ್ನು ಒಂದು ಸಮಿತಿ ಪರಿಶೀಲಿಸಬೇಕು. ಅದರ ಅವಧಿ ಎರಡು ತಿಂಗಳು, ಮುಂದುವರಿಸಿದರೂ ಆರು ತಿಂಗಳು ಮೀರಬಾರದು. ಹಳೆಯ ಕಾಯಿದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯಿದೆ ಬಂದ ಮೇಲೆ, 2024ರ ಡಿಸೆಂಬರಿನ ನಿಯಮಗಳಲ್ಲಿಯೂ 60 ಮತ್ತು 180 ದಿನಗಳ ಮಿತಿಯೇ ಉಳಿದಿದೆ.

ಇನ್ನೊಂದು ತೀರ್ಪು ನಮ್ಮ ನಾಡಿನವರೊಬ್ಬರ ಹೆಸರನ್ನೇ ಹೊತ್ತಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಶ್ರೀ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ, ಖಾಸಗಿತನವು ಸಂವಿಧಾನವೇ ಕೊಟ್ಟ ಮೂಲಭೂತ ಹಕ್ಕು ಎಂದರು. ಸರ್ಕಾರ ಅದರೊಳಗೆ ಕೈಹಾಕಬೇಕಾದರೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಅಳತೆಯಲ್ಲಿರಬೇಕು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ರ ತುಂಬು ವಯಸ್ಸಿನಲ್ಲಿ ತೀರಿಕೊಂಡರು.

ಇಷ್ಟೆಲ್ಲವನ್ನೂ ತಲೆದೂಗುತ್ತ ಕೇಳಿದ್ದ ನಾನು, ಪರೀಕ್ಷೆಯ ದಿನ ಬಂದಾಗ ನಪಾಸಾದೆ.

ಕಳೆದ ಕಾರ್ತಿಕ ಮಾಸದ ಒಂದು ಬೆಳಗ್ಗೆ ಭದ್ರಾವತಿಯಿಂದ ನನ್ನ ಹಳೆಯ ಮಿತ್ರರೊಬ್ಬರು ಬಂದರು. ಮುಖ ಬಾಡಿತ್ತು. ಇಪ್ಪತ್ತಮೂರು ವರ್ಷದ ಮಗಳು ಹಿಂದಿನ ದಿನ ಮನೆ ಬಿಟ್ಟು ಹೋಗಿದ್ದಳು. "ನನ್ನನ್ನು ಹುಡುಕಬೇಡಿ" ಎಂದು ಒಂದು ಚೀಟಿ ಬರೆದಿಟ್ಟಿದ್ದಳು. "ಶಾಸ್ತ್ರಿಗಳೇ, ಠಾಣೆಗೆ ಹೋದರೆ ಊರೆಲ್ಲ ತಿಳಿದುಹೋಗುತ್ತದೆ. ನಿಮ್ಮ ಶಿಷ್ಯ ಕ್ಯಾಮೆರಾ ಕೊಠಡಿಯಲ್ಲಿದ್ದಾನಂತಲ್ಲ, ಬಸ್ ನಿಲ್ದಾಣದ ಚಿತ್ರ ನೋಡಿ ಯಾವ ಬಸ್ ಹತ್ತಿದಳೆಂದು ಹೇಳಲಿ, ಸಾಕು" ಎಂದು ಕೈಮುಗಿದರು. ಆ ಮಗುವನ್ನು ತೊಟ್ಟಿಲಿನಿಂದ ಬಲ್ಲವನು ನಾನು. ಹಿಂದುಮುಂದು ನೋಡದೆ ಹುಡುಗನನ್ನು ಕರೆಸಿ, "ಇದೊಂದು ಉಪಕಾರ ಮಾಡಪ್ಪಾ" ಎಂದೆ.

ಅವನು ಬಹಳ ಹೊತ್ತು ನೆಲ ನೋಡುತ್ತ ನಿಂತನು. ಆಮೇಲೆ, "ಆಗುವುದಿಲ್ಲ ಗುರುಗಳೇ" ಎಂದನು. ಅಲ್ಲಿ ಯಾರು, ಯಾವ ಹೊತ್ತಿನ ಚಿತ್ರವನ್ನು, ಯಾರ ಲಿಖಿತ ಕೋರಿಕೆಯ ಮೇಲೆ ನೋಡಿದರೆಂಬುದಕ್ಕೆ ಒಂದು ಪುಸ್ತಕವಿದೆ; ಅದರಲ್ಲಿ ಬರೆಯಲಾಗದ ಕೆಲಸವನ್ನು ಮಾಡಬಾರದೆಂದು ಮಾರ್ಗದರ್ಶಕರು ಕಲಿಸಿದ್ದಾರೆ ಎಂದನು. ನನಗೆ ಸಿಟ್ಟು ಬಂತು. ಪ್ರಸಾದನಿಲಯದಲ್ಲಿ ಅವನಿಗೆ ಸ್ಥಳ ಕೊಡಿಸಿದವನು ನಾನೆಂಬುದನ್ನು ನೆನಪಿಸಿಬಿಟ್ಟೆ. ಆ ಮಾತು ನನ್ನ ಬಾಯಿಂದ ಬಂದುದಕ್ಕೆ ಈಗಲೂ ನಾಚುತ್ತೇನೆ. ಅವನ ಕಣ್ಣು ತುಂಬಿ ಬಂದುವು; ಆದರೂ ಒಪ್ಪಲಿಲ್ಲ. "ಮಠದ ಉಗ್ರಾಣದ ಮಾತನ್ನು ನೀವೇ ಹೇಳಿದ್ದಿರಿ" ಎಂದಷ್ಟೇ ಹೇಳಿದನು.

ಆಮೇಲೆ ಅವನು ನಮ್ಮಿಬ್ಬರನ್ನೂ ಕೂರಿಸಿ ಒಂದು ಪ್ರಕರಣವನ್ನು ವಿವರಿಸಿದನು. ಬೆಳಗಾವಿ ಜಿಲ್ಲೆಯ ಮುರಗೋಡ ಠಾಣೆಯಲ್ಲಿ ತಂದೆಯೊಬ್ಬರು ಮಗಳು ಕಾಣೆಯಾಗಿದ್ದಾಳೆಂದು ದೂರು ಕೊಟ್ಟಿದ್ದರು. ಆಕೆ ಪ್ರಾಪ್ತವಯಸ್ಕಳು, ಉಪನ್ಯಾಸಕಿ, ಸ್ವಇಚ್ಛೆಯಿಂದ ಮದುವೆಯಾಗಿದ್ದಳು. ಅದು ತಿಳಿದ ಮೇಲೂ ಠಾಣೆಗೆ ಬಂದೇ ಹೇಳಿಕೆ ಕೊಡಬೇಕೆಂದು ಒತ್ತಾಯ ಮುಂದುವರಿದಾಗ ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2021ರ ಫೆಬ್ರವರಿ 8ರಂದು ನ್ಯಾಯಾಲಯವು ಆ ಪ್ರಕರಣವನ್ನು ರದ್ದುಪಡಿಸಿ, ಪ್ರಾಪ್ತವಯಸ್ಕರಿಬ್ಬರು ಒಪ್ಪಿದ ಮದುವೆಗೆ ಮನೆತನದ ಅಥವಾ ಸಮುದಾಯದ ಅನುಮತಿ ಬೇಕಿಲ್ಲವೆಂದಿತು. ಇಂಥ ಸಂದರ್ಭಗಳಲ್ಲಿ ನಡೆದುಕೊಳ್ಳಬೇಕಾದ ರೀತಿಯ ಬಗ್ಗೆ ಎಂಟು ವಾರಗಳಲ್ಲಿ ಮಾರ್ಗಸೂಚಿಯನ್ನೂ ತರಬೇತಿಯನ್ನೂ ರೂಪಿಸಬೇಕೆಂದು ಪೊಲೀಸರಿಗೆ ಸೂಚಿಸಿತು.

"ಹಾಗಾದರೆ ನಾನು ಸುಮ್ಮನಿರಬೇಕೇನಪ್ಪಾ?" ಎಂದರು ಮಿತ್ರರು. "ಇಲ್ಲ ಯಜಮಾನರೇ" ಎಂದನು ಹುಡುಗ. "ಅಕ್ಕನಿಗೆ ಅಪಾಯವಾಗಿದೆಯೋ ಎಂಬ ಭಯ ನಿಮಗಿದ್ದರೆ ದೂರು ಕೊಡಿ. ಆಗ ಪೊಲೀಸರು ಇದೇ ಚಿತ್ರಗಳನ್ನು ಬರೆದು ಕೇಳಿ ಪಡೆಯುತ್ತಾರೆ. ಅವರು ಹುಡುಕುವುದು ಅಕ್ಕ ಕ್ಷೇಮವೇ ಎಂದು ತಿಳಿಯುವುದಕ್ಕೆ, ಹಿಡಿದು ತರುವುದಕ್ಕಲ್ಲ."

ಅಂದೇ ಮಧ್ಯಾಹ್ನ ನಾನೂ ಜೊತೆಗೆ ಹೋಗಿ ದೂರು ಕೊಡಿಸಿದೆ. ನಾಲ್ಕನೆಯ ದಿನ ಠಾಣೆಯಿಂದ ಕರೆ ಬಂತು. ಹುಡುಗಿ ಕ್ಷೇಮವಾಗಿದ್ದಾಳೆ, ತಾನಾಗಿಯೇ ಹೋದೆನೆಂದು ಹೇಳಿಕೆ ಕೊಟ್ಟಿದ್ದಾಳೆ, ವಿಳಾಸ ತಿಳಿಸಲು ಒಪ್ಪಿಲ್ಲ ಎಂದರು. ಮಿತ್ರರು ಠಾಣೆಯ ಬೆಂಚಿನ ಮೇಲೆ ಕುಳಿತು ಮಗುವಿನಂತೆ ಅತ್ತರು. ಆ ಹೊತ್ತಿನ ಆವೇಶದಲ್ಲಿ ಅವರ ಕೈಗೆ ಮಗಳ ವಿಳಾಸ ಸಿಕ್ಕಿದ್ದರೆ, ಜೊತೆಗೆ ನಾಲ್ಕು ಜನ ಬಂಧುಗಳು ಹೊರಟಿದ್ದರೆ, ಏನಾಗುತ್ತಿತ್ತೋ ನಾನು ಹೇಳಲಾರೆ. ಅವರೇ ಒಂದು ದಿನ, "ಆ ಹುಡುಗ ಅಂದು ಹೇಳದೇ ಇದ್ದದ್ದು ಒಳ್ಳೆಯದಾಯಿತು" ಎಂದರು. ಶಿವರಾತ್ರಿಯ ಹಿಂದಿನ ದಿನ ಮಗಳು ತಾಯಿಗೆ ಫೋನ್ ಮಾಡಿದಳು. ತಂದೆ ಇನ್ನೂ ಮಾತನಾಡಿಲ್ಲ. ಆದರೆ ಫೋನ್ ಬಂದಾಗ ಎದ್ದು ಹೋಗುವುದನ್ನು ಬಿಟ್ಟಿದ್ದಾರೆ.

ಕಣ್ಗಾವಲು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕಳ್ಳತನವಾದಾಗ, ವೃದ್ಧರು ದಾರಿತಪ್ಪಿದಾಗ ಅದು ನೆರವಿಗೆ ಬರುತ್ತದೆ. ಪೊಲೀಸರ ಮೇಲೂ ಆ ಕಣ್ಣು ಇರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರಿನಲ್ಲಿ ಪ್ರತಿಯೊಂದು ಠಾಣೆಯಲ್ಲಿಯೂ ಕ್ಯಾಮೆರಾ ಇಡಲು ಆದೇಶಿಸಿದೆ. ಆದರೆ ಕಟ್ಟಳೆ ಮುರಿಯುವಂತೆ ಒತ್ತಡ ತರುವವರು ಸರ್ಕಾರದವರು ಮಾತ್ರವೆಂದು ನಾನು ತಿಳಿದಿದ್ದೆ. ಪ್ರೀತಿಯ ಹೆಸರಿನಲ್ಲಿ, ಮರ್ಯಾದೆಯ ಹೆಸರಿನಲ್ಲಿ, ಪರಿಚಯದ ಬಲದಿಂದ ಕೇಳುವವರು ನಾವೇ. ನಮ್ಮ ಮನೆಗಳ ಮಕ್ಕಳು ಇಂದು ಪೊಲೀಸ್ ಇಲಾಖೆಯಲ್ಲಿ, ಬ್ಯಾಂಕಿನಲ್ಲಿ, ದೂರವಾಣಿ ಕಂಪನಿಗಳಲ್ಲಿ ಇದ್ದಾರೆ. "ಒಂದು ನಂಬರಿನ ವಿವರ ತೆಗೆದುಕೊಡು" ಎಂದು ನಾವು ಹಗುರವಾಗಿ ಕೇಳುವ ಮಾತು ಅವರ ಉದ್ಯೋಗಕ್ಕೂ ಇನ್ನಾರದೋ ಜೀವಕ್ಕೂ ಮುಳುವಾಗಬಹುದು.

ಹುಡುಗನ ಪ್ರಬಂಧ ಮುಗಿಯಿತು. ಕೊನೆಯ ಭಾನುವಾರ ಅದನ್ನು ತಂದು ತೋರಿಸಿದನು. ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರ ಹೆಸರಿನ ಕೆಳಗೆ ನನ್ನ ಹೆಸರೂ ಇತ್ತು. ತೆಗೆದುಹಾಕೆಂದು ಹೇಳಿದೆ, ಅವನು ಕೇಳಲಿಲ್ಲ. ಅಂದು ಆಡಿದ ಮಾತಿಗೆ ಕ್ಷಮೆ ಕೇಳಿದೆ. ಅವನು ನಾಚಿಕೊಂಡು, "ಕಾಫಿ ಕೊಡಿಸಿ ಗುರುಗಳೇ, ಭದ್ರಾವತಿಯ ಬಸ್ಸಿಗೆ ಹೊತ್ತಾಯಿತು" ಎಂದನು.