ಕೊನೇ ಡಿವಿಷನ್ನಿನ ಸುಖ

2020ರ ಮಾರ್ಚ್ 21ರಂದು, ಅಂದರೆ ಜನತಾ ಕರ್ಫ್ಯೂವಿನ ಹಿಂದಿನ ದಿನ, ಬೆಂಗಳೂರಿನ ವಿಜಯನಗರದ ರೂಮಿಗೆ ಬೀಗ ಹಾಕಿಕೊಂಡು ಮಾಕವಳ್ಳಿಯ ಬಸ್ಸು ಹತ್ತಿದ್ದೆ. ಮಾಕವಳ್ಳಿ ನಮ್ಮವ್ವನ ತವರು. ಯುಗಾದಿ, ಹೊಸತೊಡಕು ಎರಡನ್ನೂ ಮುಗಿಸಿಕೊಂಡು ವಾಪಸ್ ಹೋಗುವುದೆಂದು ಲೆಕ್ಕ. ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಕೆಎಎಸ್ ಪರೀಕ್ಷೆಯ ನಾಲ್ಕು ದಪ್ಪ ಪುಸ್ತಕ. ಯುಗಾದಿಯ ದಿನವೇ ದೇಶಕ್ಕೆಲ್ಲ ಬೀಗ ಬಿತ್ತು. ಆ ವರ್ಷ ಹೊಸತೊಡಕಿಗೆ ಕೋಳಿಯೇನೋ ಬೆಂದಿತು, ಆದರೆ ಅರಳಿಕಟ್ಟೆಯ ಮೇಲೆ ಇಸ್ಪೀಟು ಹರಡಲು ಯಾರಿಗೂ ಧೈರ್ಯ ಬರಲಿಲ್ಲ.

ನನ್ನ ಸೋದರಮಾವನ ಮಗನಿಗೆ ಆಗ ಹದಿನೆಂಟು. ದ್ವಿತೀಯ ಪಿಯುಸಿಯ ಎಲ್ಲ ಪರೀಕ್ಷೆ ಬರೆದು ಮುಗಿಸಿದ್ದ, ಇಂಗ್ಲಿಷ್ ಒಂದು ಬಿಟ್ಟು. ಮಾರ್ಚ್ 23ಕ್ಕೆ ನಡೆಯಬೇಕಿದ್ದ ಆ ಒಂದು ಪತ್ರಿಕೆ ಮುಂದಕ್ಕೆ ಹೋಗಿತ್ತು. ಅವನಿಗೆ ಭಯವಿದ್ದದ್ದೂ ಅದೊಂದರದ್ದೇ. ತಲೆಯ ಮೇಲೆ ತೂಗುಹಾಕಿದ ಕಲ್ಲಿನಂತೆ ಅದನ್ನು ಹೊತ್ತುಕೊಂಡು ಜಗಲಿಯಲ್ಲಿ ಕೂತಿರುತ್ತಿದ್ದ. ಟೆನಿಸ್ ಬಾಲ್ ಕ್ರಿಕೆಟ್ ಇಲ್ಲ, ಕಬಡ್ಡಿ ಇಲ್ಲ, ಟೀವಿಯಲ್ಲಿ ಐಪಿಎಲ್ಲೂ ಇಲ್ಲ.

ನಾನು ಬೆಂಗಳೂರಿನಲ್ಲಿ ಓದುವ ಹೊತ್ತು ಕದ್ದು ಒಂದು ಆಟ ಆಡುತ್ತಿದ್ದೆ. ಹೆಸರು ಹ್ಯಾಟ್ರಿಕ್. 1997ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ್ದು. ನಿಮಗೊಂದು ಫುಟ್‌ಬಾಲ್ ತಂಡ ಕೊಡುತ್ತಾರೆ. ಚೆಂಡನ್ನು ನೀವು ಒದೆಯುವ ಹಾಗಿಲ್ಲ. ಯಾರನ್ನು ಆಡಿಸಬೇಕು, ಯಾವ ತರಬೇತಿ ಕೊಡಬೇಕು, ಯಾರನ್ನು ಮಾರಬೇಕು, ಮೈದಾನಕ್ಕೆ ಎಷ್ಟು ಆಸನ ಹಾಕಿಸಬೇಕು, ಇಷ್ಟೇ ನಿಮ್ಮ ಕೆಲಸ. ಎಂಟು ತಂಡಗಳ ಒಂದು ಗುಂಪು, ಹದಿನಾಲ್ಕು ಲೀಗ್ ಪಂದ್ಯ, 16 ವಾರಗಳ ಒಂದು ಋತು. ವಾರಾಂತ್ಯಕ್ಕೆ ಒಂದು ಲೀಗ್ ಪಂದ್ಯ, ನಡುವಾರದಲ್ಲಿ ಕಪ್ಪಿನದೋ ಸ್ನೇಹದ್ದೋ ಇನ್ನೊಂದು. ಪಂದ್ಯ ನಿಜವಾಗಿಯೇ ತೊಂಬತ್ತು ನಿಮಿಷ ನಡೆಯುತ್ತದೆ, ಆದರೆ ಕಾಣಲು ಚಿತ್ರವೇ ಇಲ್ಲ. ಇಷ್ಟನೇ ನಿಮಿಷದಲ್ಲಿ ಇಂಥವನು ಎಡಗಡೆಯಿಂದ ನುಗ್ಗಿದ, ಗೋಲಿ ತಡೆದ ಎಂದು ಒಂದೊಂದೇ ಸಾಲು ಪರದೆಯ ಮೇಲೆ ಮೂಡುತ್ತದೆ.

"ಇದೇನ್ ಬಾವ, ಪೇಪರ್ ಓದ್ದಂಗೆ ಅದೆ," ಅಂದ ಹುಡುಗ. ಅದೂ ಇಂಗ್ಲಿಷಿನಲ್ಲಿ. ಆದರೂ ಬೇರೆ ಏನೂ ಇಲ್ಲದ ಏಪ್ರಿಲ್ಲು ಅದು. ಲೋಕದ ಮೈದಾನಗಳೆಲ್ಲ ಖಾಲಿ ಬಿದ್ದಿದ್ದಾಗ ಇಲ್ಲಿ ಮಾತ್ರ ವಾರಕ್ಕೆರಡು ಪಂದ್ಯ ತಪ್ಪದೆ ನಡೆಯುತ್ತಿತ್ತು. ಅವನೂ ಒಂದು ತಂಡ ಪಡೆದ. ಮಾಕವಳ್ಳಿ ಬಾಯ್ಸ್ ಎಂದು ಹೆಸರಿಟ್ಟ. ಎಲ್ಲ ಹೊಸಬರಂತೆ ಅವನಿಗೂ ಸಿಕ್ಕಿದ್ದು ತಳದ ಡಿವಿಷನ್.

ಈ ಲೀಗುಗಳ ಕಟ್ಟಡವನ್ನು ಸ್ವಲ್ಪ ಹೇಳಬೇಕು. ತುದಿಯಲ್ಲಿ ಒಂದೇ ಗುಂಪು. ಅದರ ಕೆಳಗೆ ನಾಲ್ಕು, ಅದರ ಕೆಳಗೆ 16, ಆಮೇಲೆ 64, 256. ಮೇಲಿನ ಆ ಒಂದು ಗುಂಪಿನಲ್ಲಿರುವವರು ಎಂಟೇ ಜನ. ಹೀಗಾಗಿ ಈ ಆಟದಲ್ಲಿ ಇರುವವರಲ್ಲಿ ಬಹುಪಾಲು ಜನ ಕೆಳಗಿರುವವರೇ. ಇದು ಅವಮಾನವಲ್ಲ, ಬರೀ ಗಣಿತ. ವಿಜಯನಗರದ ಲೈಬ್ರರಿಗಳಲ್ಲಿ ವರ್ಷಗಟ್ಟಲೆ ಕೂತ ನನ್ನಂಥವರಿಗೆ ಈ ಗಣಿತವನ್ನು ಯಾರೂ ಹೀಗೆ ಸಮಾಧಾನವಾಗಿ ಹೇಳಿಕೊಟ್ಟಿರಲಿಲ್ಲ.

ತಳದ ಲೀಗಿನಲ್ಲಿ ಏನು ಸುಖ ಅಂತ ಕೇಳಿದರೆ ನನಗೆ ಮೊದಲು ನೆನಪಾಗುವುದು ಒಂದು ಪದ. ಹ್ಯಾಟ್ರಿಕ್ಕಿನಲ್ಲಿ ಆಟಗಾರನ ಸಾಮರ್ಥ್ಯವನ್ನು ಅಂಕಿಯಲ್ಲಲ್ಲ, ಮಾತಿನಲ್ಲಿ ಹೇಳುತ್ತಾರೆ. ಘೋರ, ದುರ್ಬಲ, ಸಾಲದು ಎಂಬರ್ಥದ ಪದಗಳಿಂದ ಶುರುವಾಗಿ ಗಟ್ಟಿ, ಅಮೋಘ ಎಂದೆಲ್ಲ ಏರಿ ಕೊನೆಗೆ 'ದೈವಿಕ' ಎಂಬಲ್ಲಿಗೆ ಮುಟ್ಟುತ್ತದೆ. ನಡುವಿಗಿಂತ ಸ್ವಲ್ಪ ಕೆಳಗೆ ಒಂದು ಮೆಟ್ಟಿಲಿದೆ, ಅದರ ಅರ್ಥ 'ಪರವಾಗಿಲ್ಲ'. ನಮ್ಮ ಹುಡುಗನ ಹದಿನೇಳು ವರ್ಷದ ಮುಂಪಡೆ ಆಟಗಾರನೊಬ್ಬ ಕೆಲವು ವಾರದ ತರಬೇತಿಯಲ್ಲಿ 'ಸಾಲದು' ಎಂಬುದರಿಂದ 'ಪರವಾಗಿಲ್ಲ'ಕ್ಕೆ ಏರಿದ. ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ನನ್ನ ಹತ್ತಿರ ಓಡಿಬಂದು ಮೊಬೈಲು ತೋರಿಸಿದ. ಮುಖದಲ್ಲಿ ತಾನೇ ಪಾಸಾದ ಕಳೆ.

ಮಂಡ್ಯ ಸೀಮೆಯವರಿಗೆ ಈ ಪದದ ತೂಕ ಗೊತ್ತಿರುತ್ತದೆ. ನಮ್ಮ ಮಾವ ಜೀವಮಾನದಲ್ಲಿ ಕೊಟ್ಟ ಅತಿ ದೊಡ್ಡ ಹೊಗಳಿಕೆಯೇ 'ಪರ್ವಾಗಿಲ್ಲ ಕಣ್ಲಾ' ಎಂಬುದು. ಅದಕ್ಕಿಂತ ಹೆಚ್ಚು ಹೇಳಿದರೆ ದೃಷ್ಟಿಯಾಗುತ್ತದೆ.

ಕೆಳಗಿನ ಹಂತದಲ್ಲಿ ಬೆಳವಣಿಗೆ ಹೀಗೆ ಕಣ್ಣಿಗೆ ಕಾಣುತ್ತದೆ. ಮೇಲೆ ಹೋದಂತೆ ಒಂದು ಮೆಟ್ಟಿಲು ಏರಲು ಹೆಚ್ಚು ಹೆಚ್ಚು ವಾರ ಬೇಕು. ಆಟಗಾರನಿಗೆ ವಯಸ್ಸಾದಷ್ಟೂ ಕಲಿಕೆ ನಿಧಾನ. ಮೇಲಿನವರು ಸಣ್ಣ ವ್ಯತ್ಯಾಸಕ್ಕಾಗಿ ಲೆಕ್ಕದ ಪಟ್ಟಿಗಳನ್ನು ಬರೆದುಕೊಂಡು ಒದ್ದಾಡುತ್ತಾರೆ. ತಳದಲ್ಲಿ ತಪ್ಪು ಅಗ್ಗ. ಮೂರು ಪಂದ್ಯ ಸೋತರೂ ಬೀಳಲು ಇನ್ನೊಂದು ಡಿವಿಷನ್ ಇಲ್ಲ. ಗುಂಪಿನ ಎಂಟರಲ್ಲಿ ಕೆಲವು ತಂಡಗಳಿಗೆ ಯಜಮಾನನೇ ಇರುವುದಿಲ್ಲ, ಬಿಟ್ಟುಹೋದ ತಂಡವನ್ನು ಕಂಪ್ಯೂಟರೇ ನಡೆಸುತ್ತಿರುತ್ತದೆ. ಅವನ್ನು 'ಬಾಟ್' ಅನ್ನುತ್ತಾರೆ. ಉಳಿದವರು ನಿಮ್ಮಂಥವರೇ, ಇನ್ನೂ ಏನೂ ಗೊತ್ತಿಲ್ಲದವರು.

ಇಂಥ ಆಟಗಳನ್ನು ಮಾಡುವವರಿಗೆ ಈ ಗುಟ್ಟು ಮೊದಲಿನಿಂದಲೂ ತಿಳಿದಿತ್ತೇನೋ. 1982ರಲ್ಲಿ ಇಂಗ್ಲೆಂಡಿನ ಕೆವಿನ್ ಟಾಮ್ಸ್ 'ಫುಟ್‌ಬಾಲ್ ಮ್ಯಾನೇಜರ್' ಎಂಬ ಆಟ ಮಾಡಿದಾಗ ನೀವು ಯಾವ ದೊಡ್ಡ ಕ್ಲಬ್ಬಿನ ಹೆಸರು ಆರಿಸಿಕೊಂಡರೂ ಅದು ನಿಮ್ಮನ್ನು ನಾಲ್ಕನೇ ಡಿವಿಷನ್ನಿನಲ್ಲೇ ಕೂರಿಸುತ್ತಿತ್ತು. ನಿಜ ಜೀವನದಲ್ಲೂ ಹೀಗಾದದ್ದುಂಟು. ಲಂಡನ್ನಿನ ವಿಂಬಲ್ಡನ್ ಕ್ಲಬ್ಬನ್ನು ಬೇರೆ ಊರಿಗೆ ಸಾಗಿಸಲು ಅನುಮತಿ ಸಿಕ್ಕಾಗ ಅಭಿಮಾನಿಗಳು ಸಿಟ್ಟಿನಿಂದ 2002ರಲ್ಲಿ ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ಕ್ಲಬ್ ಕಟ್ಟಿ ಒಂಬತ್ತನೇ ಹಂತದಿಂದ ಶುರುಮಾಡಿದರು. 2011ರ ಹೊತ್ತಿಗೆ ಮೇಲಿನ ನಾಲ್ಕು ಹಂತದೊಳಗೆ ಬಂದಿದ್ದರು. ಆ ಕೆಳಗಿನ ವರ್ಷಗಳಲ್ಲಿ ಒಮ್ಮೆ ಸತತ 78 ಲೀಗ್ ಪಂದ್ಯಗಳನ್ನು ಸೋಲದೆ ಆಡಿದರು. ಅಂಥ ದಾಖಲೆ ಮೇಲೆಲ್ಲಿ ಸಿಗಬೇಕು!

ಬೆಂಗಳೂರಿನಲ್ಲಿ ಗೆಳೆಯನೊಬ್ಬ ಒಮ್ಮೆ ಜಿಲ್ಲಾ ಫುಟ್‌ಬಾಲ್ ಲೀಗಿನ ಸಿ ಡಿವಿಷನ್ ಪಂದ್ಯಕ್ಕೆ ಕರೆದೊಯ್ದಿದ್ದ. ಸೂಪರ್, ಎ, ಬಿ, ಆಮೇಲೆ ಈ ಸಿ. ನೋಡುವವರು ನಾವು ಮೂವತ್ತು ಜನ ಇರಬಹುದು, ಅರ್ಧಕ್ಕರ್ಧ ಆಡುವವರ ಅಣ್ಣತಮ್ಮಂದಿರೇ. ಗೋಲು ಹೊಡೆದವನು ಓಡಿ ಬಂದು ಅಪ್ಪಿಕೊಂಡದ್ದು ಗೆರೆಯಾಚೆ ನೀರಿನ ಕ್ಯಾನು ಹಿಡಿದು ನಿಂತಿದ್ದ ಮುದುಕನನ್ನು. ಅವತ್ತು ನಾನು ರೂಮಿಗೆ ಹಿಂತಿರುಗಿ ಇತಿಹಾಸದ ಪುಸ್ತಕ ತೆರೆದೆ, ಒಂದು ಪುಟವೂ ತಲೆಗೆ ಹತ್ತಲಿಲ್ಲ. ನಾನು ಬರೆಯುತ್ತಿದ್ದ ಪರೀಕ್ಷೆಗೆ ಸಿ ಡಿವಿಷನ್ ಇರಲಿಲ್ಲ. ಮೊದಲ ದಿನವೇ ಎಲ್ಲರ ಜೊತೆ, ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ಆದರೆ ಅಥವಾ ಹೋದರೆ. ಎರಡು ಸಲ ಹೋಗಿತ್ತು.

ಜೂನ್ 18ಕ್ಕೆ ಕಡೆಗೂ ಇಂಗ್ಲಿಷ್ ಪರೀಕ್ಷೆ ನಡೆಯಿತು. ಹುಡುಗ ಮೂಗುಬಾಯಿಗೆ ಮಾಸ್ಕು ಕಟ್ಟಿಕೊಂಡು ಕೆ.ಆರ್. ಪೇಟೆಗೆ ಹೋಗಿ ಬರೆದು ಬಂದ. ಮೂರು ತಿಂಗಳು ಪಂದ್ಯದ ವರದಿ ಓದಿದ್ದರಿಂದ ಅವನ ಇಂಗ್ಲಿಷ್ ಸುಧಾರಿಸಿತು ಎಂದು ಬರೆದರೆ ಈ ಲೇಖನಕ್ಕೆ ಚೆಂದ, ಆದರೆ ನನಗೆ ಹಾಗನ್ನಿಸುವುದಿಲ್ಲ. ಅಷ್ಟು ಮಾತ್ರ ನಿಜ: ಇಂಗ್ಲಿಷಿನ ಸಾಲು ಕಂಡರೆ ಮೊದಲಿನಷ್ಟು ಹೆದರುತ್ತಿರಲಿಲ್ಲ. ಜುಲೈ ನಡುವಿನಲ್ಲಿ ಫಲಿತಾಂಶ ಬಂತು. ಇಂಗ್ಲಿಷಿನಲ್ಲಿ ನಲವತ್ತೆರಡು. ಮಾವ ಗದ್ದೆಯಿಂದ ಬಂದು ಕಾಲು ತೊಳೆದುಕೊಂಡು ಕೇಳಿ, "ಪರ್ವಾಗಿಲ್ಲ," ಅಂದರು.

ಆಗಸ್ಟಿನಲ್ಲಿ ನಾನು ಮೂರನೇ ಸಲ ಪ್ರಿಲಿಮ್ಸ್ ಬರೆದೆ. ಮೂರನೇ ಸಲವೂ ಹೋಯಿತು.

ಆ ವರ್ಷದ ಕೊನೆಯಲ್ಲಿ, ಎರಡನೇ ಋತುವಿಗೇ, ಮಾಕವಳ್ಳಿ ಬಾಯ್ಸ್ ತನ್ನ ಗುಂಪಿನಲ್ಲಿ ಮೊದಲ ಸ್ಥಾನ ಗಳಿಸಿ ಮೇಲಿನ ಡಿವಿಷನ್ನಿಗೆ ಏರಿತು. ಹುಡುಗ ಮೂರು ದಿನ ನೆಲದ ಮೇಲೆ ನಡೆಯಲಿಲ್ಲ. ಮೇಲೆ ಹೋದ ಮೇಲೆ ಏನಾಯಿತೆಂದರೆ, ಮೊದಲ ಪಂದ್ಯ ಸೊನ್ನೆ-ಆರು. ಎರಡನೆಯದು ಒಂದು-ಐದು. ಎದುರಾಳಿಗಳು ಹತ್ತು ಹದಿನೈದು ವರ್ಷದಿಂದ ಆಡುತ್ತಿದ್ದವರು. ಯಾರೂ ಕೆಟ್ಟವರಲ್ಲ, ಒಬ್ಬಾತ ಕರುಣೆಯಿಂದ ಸಲಹೆಯನ್ನೂ ಬರೆದು ಕಳಿಸಿದ. ಹುಡುಗನಿಗೆ ಸೋಲಿಗಿಂತ ಆ ಕರುಣೆಯೇ ನಾಟಿತು ಅನ್ನಿಸುತ್ತದೆ. ಏಳು ಪಂದ್ಯ ಸೋತ ಮೇಲೆ ಲಾಗಿನ್ ಆಗುವುದನ್ನೇ ಬಿಟ್ಟ. ಅಷ್ಟರಲ್ಲಿ ಡಿಗ್ರಿ ಕಾಲೇಜು, ಹೊಸ ಗೆಳೆಯರು, ಊರಿನ ಮೈದಾನ ಎಲ್ಲ ಮರಳಿ ಬಂದಿದ್ದವು.

ನಾನು ಮಾಡಿದ್ದು ಬೇರೆ. ನನ್ನ ತಂಡ ಆಗ ನಾಲ್ಕು ವರ್ಷ ಹಳೆಯದು, ತಳದಿಂದ ಎರಡು ಮೆಟ್ಟಿಲು ಮೇಲಿತ್ತು. ಅದನ್ನು ಬಿಟ್ಟುಕೊಟ್ಟು ಮತ್ತೆ ಹೊಸಬನಂತೆ ಅರ್ಜಿ ಹಾಕಿದೆ. ಮತ್ತೆ ತಳದ ಗುಂಪು, ಯಾರೂ ಕೇಳದ ಹೆಸರಿನ ಹನ್ನೊಂದು ಹುಡುಗರು, ಮತ್ತೆ 'ಸಾಲದು'.

ಜಗಲಿಯಲ್ಲಿ ಕೂತು ಇದನ್ನು ಮಾವನಿಗೆ ವಿವರಿಸಲು ಹೋದದ್ದು ನನ್ನ ತಪ್ಪು. ಅವರು ಬೀಡಿ ಆರಿಸಿ, ಒಂದು ಗಳಿಗೆ ಯೋಚಿಸಿ, "ಅಂದ್ರೆ ಕೆಳಗೇ ಇದ್ರೆ ಬೀಳಾದಿಲ್ಲ ಅಂತಾನಾ?" ಅಂದರು.

ಈ ಪ್ರಶ್ನೆ ತಿಂಗಳುಗಟ್ಟಲೆ ನನ್ನನ್ನು ಕೊರೆಯಿತು. ಆಟ ಇನ್ನೂ ಬಾರದವನು ತಳದ ಲೀಗಿನಲ್ಲಿ ಸುಖಪಡುವುದು ಒಂದು. ಬಂದವನು ಇಳಿದುಬಂದು ಅಲ್ಲಿ ಗೆಲ್ಲುವುದು ಇನ್ನೊಂದು. ಎರಡನೆಯದರಲ್ಲಿ ಸ್ವಲ್ಪ ಮೋಸವಿದೆ, ಒಪ್ಪುತ್ತೇನೆ. ಹೈಸ್ಕೂಲು ಹುಡುಗ ಪ್ರೈಮರಿ ಮಕ್ಕಳ ಜೊತೆ ಕಬಡ್ಡಿಗೆ ನಿಂತ ಹಾಗೆ. ಎದುರಿನ ಹೊಸಬನಿಗೆ ನಾನು ಯಾರೆಂದು ಗೊತ್ತಿಲ್ಲ. ಅವನ ಮೊದಲ ಋತುವಿನ ಖುಷಿಯನ್ನು ನಾನು ಕಸಿಯುತ್ತಿರಬಹುದು. ಭಯವೂ ಇತ್ತು. ಮೂರು ಸಲ ಬಾಗಿಲು ಮುಚ್ಚಿಸಿಕೊಂಡವನಿಗೆ ಬಾಗಿಲೇ ಇಲ್ಲದ ಜಾಗ ಹಿತವಾಗಿರುತ್ತದೆ.

ಆದರೆ ಪೂರ್ತಿ ಅಷ್ಟೇ ಅಲ್ಲ. ಮಾವನ ಕಬ್ಬಿನ ಗದ್ದೆಯಲ್ಲೇ ಇದಕ್ಕೆ ನನ್ನ ಉತ್ತರ ಇತ್ತು, ಮಾವನಿಗೆ ಹೇಳುವ ಧೈರ್ಯ ಆಗಲಿಲ್ಲ. ಕಬ್ಬನ್ನು ಹೊಸದಾಗಿ ನೆಟ್ಟು ತೆಗೆಯುವುದು ತನಿ ಬೆಳೆ. ಕಡಿದ ಬುಡದಿಂದ ಚಿಗುರಿದ್ದನ್ನೇ ಮತ್ತೆ ಬೆಳೆಸಿದರೆ ಕೂಳೆ. ಕೂಳೆಗೆ ಬಿತ್ತನೆಯ ಖರ್ಚಿಲ್ಲ, ಉಳುಮೆ ಕಮ್ಮಿ, ಲಾಭವೆನಿಸುತ್ತದೆ. ಆದರೆ ಎರಡನೇ ಕೂಳೆ, ಮೂರನೇ ಕೂಳೆ ಎಂದು ಬಿಡುತ್ತ ಹೋದರೆ ಇಳುವರಿ ಇಳಿಯುತ್ತದೆ, ರೋಗ ಹತ್ತುತ್ತದೆ. ಬುಡ ಕಿತ್ತು ಹೊಲ ಹಸನು ಮಾಡಿ ಮತ್ತೆ ತನಿಗೆ ಬರಲೇಬೇಕು. ನನ್ನ ಹಳೆಯ ತಂಡವೂ, ವಿಜಯನಗರದ ಓದೂ ನಾಲ್ಕನೇ ಕೂಳೆಯಾಗಿದ್ದವು. ಹೋದ ವರ್ಷದ ನೋಟ್ಸು, ಅದೇ ರೂಮು, ಅದೇ ಮೆಸ್ಸು, ಅದೇ ಮಾತು.

ವಿಜಯನಗರದ ರೂಮಿನಲ್ಲಿ ಎಸ್‌ಡಿಎ ಎಂದರೆ ನಾವೆಲ್ಲ ನಗುತ್ತಿದ್ದೆವು. ಕೆಎಎಸ್ ಓದುವವನು ದ್ವಿತೀಯ ದರ್ಜೆ ಸಹಾಯಕನ ಪರೀಕ್ಷೆ ಕಟ್ಟುವುದು ಎಂದರೆ ಮದುವೆ ಮನೆಗೆ ಹೋಗಿ ನೀರು ಕುಡಿದು ಬಂದ ಹಾಗೆ ಎಂದು ಒಬ್ಬ ಹೇಳುತ್ತಿದ್ದ. ನಾನು ಅದನ್ನು ಕಟ್ಟಿದೆ, ಬರೆದೆ, ಆಯಿತು. ಈಗ ಮೈಸೂರಿನ ಕಚೇರಿಯೊಂದರಲ್ಲಿ ಕಡತ ನೋಡುತ್ತೇನೆ. ಸೆಕೆಂಡ್ ಡಿವಿಷನ್ ಅಸಿಸ್ಟೆಂಟ್: ಹೆಸರಿನಲ್ಲೇ ಡಿವಿಷನ್ ಇದೆ ನೋಡಿ! ಸೇರಿದ ಮೊದಲ ತಿಂಗಳು ಟಿಪ್ಪಣಿ ಬರೆಯುವುದನ್ನು ಕಲಿಸಿದ ಹಿರಿಯ ಎಫ್‌ಡಿಎ ಮೇಡಂ ನನ್ನ ಐದನೇ ಕರಡು ಓದಿ, ಕೆಂಪು ಪೆನ್ನು ಕೆಳಗಿಟ್ಟು, "ಪರವಾಗಿಲ್ಲ ರೀ," ಅಂದರು. ಅವತ್ತು ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಬ್ಬನೇ ನಕ್ಕಿದ್ದೇನೆ.

ಹೊಸ ತಂಡ ಇನ್ನೂ ಇದೆ. ಈ ಸಲ ಹೊಸಬರಿಗೆ ಮೋಸವಾಗದಿರಲೆಂದು ಹಳೆಯ ಲೆಕ್ಕದ ಪಟ್ಟಿಗಳನ್ನು ಬಳಸುತ್ತಿಲ್ಲ. ಹಾಗಾಗಿ ಬೇಕಾದಷ್ಟು ಸೋಲುತ್ತೇನೆ. ಗುಂಪಿನಲ್ಲಿ ಐದನೆಯವನು.

ಹೋದ ಭಾನುವಾರ ಮಾಕವಳ್ಳಿಯಿಂದ ಹುಡುಗ ಫೋನು ಮಾಡಿದ್ದ. ಮಾವ ಕೂಳೆ ಕೀಳಿಸುತ್ತಿದ್ದಾರೆ, ಈ ಸಲ ತನಿ ನೆಡುತ್ತಾರಂತೆ. ಬಿಡುವಿದ್ದರೆ ಒಂದು ದಿನ ಬಂದು ಹೋಗಬೇಕಂತೆ. ಇಡುವ ಮುಂಚೆ ಸುಮ್ಮನೆ ಕೇಳಿದ ಹಾಗೆ ಕೇಳಿದ, "ಬಾವ, ನನ್ನ ಟೀಮು ಇನ್ನೂ ಅದ್ಯಾ?"

ತೆರೆದು ನೋಡಿದೆ. ಇತ್ತು. ಯಜಮಾನನಿಲ್ಲದೆ, ಅದೇ ಹೆಸರಿನಲ್ಲಿ, ಮತ್ತೆ ತಳದ ಗುಂಪಿಗೇ ಬಂದು ಕೂತಿತ್ತು. ಆ ವಾರ ಸೊನ್ನೆ-ನಾಲ್ಕರಲ್ಲಿ ಸೋತಿತ್ತು.

"ಅದೆ ಕಣೋ," ಅಂದೆ. "ಈ ವಾರ ಡ್ರಾ ಆಯ್ತು."