ಚೀಟಿ ಓದಿದ ಗ್ರಾಹಕ

ಗ್ಲಿಸರಿನ್ ಬಣ್ಣವಿಲ್ಲದ, ಮಂದವಾದ, ಸಿಹಿ ದ್ರವ. ಡೈಎಥಿಲೀನ್ ಗ್ಲೈಕಾಲ್ ಕೂಡ ಹಾಗೆಯೇ. ಇವೆರಡರ ವ್ಯತ್ಯಾಸ ಕಣ್ಣಿಗಾಗಲಿ ನಾಲಿಗೆಗಾಗಲಿ ತಿಳಿಯುವುದಿಲ್ಲ. ಮೂತ್ರಪಿಂಡಕ್ಕೆ ಮಾತ್ರ ತಿಳಿಯುತ್ತದೆ. (ಪ್ರಯೋಗಾಲಯದಲ್ಲಿ ಯಾವುದನ್ನೂ ಬಾಯಿಗಿಡಬಾರದೆಂದು ಮೇಷ್ಟ್ರುಗಳು ಗದರುವುದು ಸುಮ್ಮನೆ ಅಲ್ಲ.) ಮೊದಲನೆಯದು ಕೆಮ್ಮಿನ ಔಷಧಿಗೆ, ಟೂತ್‌ಪೇಸ್ಟಿಗೆ ಬೇಕಾದ ವಸ್ತು. ಎರಡನೆಯದು ಕಾರ್ಖಾನೆಯ ದ್ರಾವಕ, ವಿಷ. ಆದರೆ ಅಗ್ಗ. ಅನರ್ಥವೆಲ್ಲ ಹುಟ್ಟುವುದು ಅಲ್ಲೇ.

2006ರಲ್ಲಿ ಮಧ್ಯ ಅಮೆರಿಕದ ಪನಾಮಾದಲ್ಲಿ ಸರ್ಕಾರವೇ ತಯಾರಿಸಿ ಹಂಚಿದ ಕೆಮ್ಮಿನ ಔಷಧಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ವಿಷವನ್ನು ಗುರುತಿಸಲು ಅಮೆರಿಕದ ಪ್ರಯೋಗಾಲಯದ ನೆರವು ಬೇಕಾಯಿತು. ಗ್ಲಿಸರಿನ್ ಎಂದು ಬರೆದಿದ್ದ ಪೀಪಾಯಿಗಳು ಚೀನಾದ ಕಾರ್ಖಾನೆಯೊಂದರಿಂದ ಹೊರಟು, ಬೀಜಿಂಗಿನ ವ್ಯಾಪಾರಿ, ಬಾರ್ಸಿಲೋನಾದ ವ್ಯಾಪಾರಿ ಎಂದು ಕೈ ಬದಲಾಯಿಸುತ್ತ ಪನಾಮಾ ಸೇರಿದ್ದವು. ಶೇ 99.5 ಶುದ್ಧ ಎಂಬ ಪ್ರಮಾಣಪತ್ರವೂ ಜೊತೆಗೇ ಸಾಗಿತ್ತು. ದಾರಿಯಲ್ಲಿ ಯಾರೂ ಒಂದು ಚಮಚ ತೆಗೆದು ಪರೀಕ್ಷಿಸಲಿಲ್ಲ. ವಿಚಾರಿಸಿದಾಗ ಚೀನಾದ ಔಷಧ ಇಲಾಖೆ, ಆ ಕಾರ್ಖಾನೆ ಔಷಧ ತಯಾರಿಕೆಗೆ ಪರವಾನಗಿ ಪಡೆದದ್ದಲ್ಲ, ಹಾಗಾಗಿ ಅದು ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದಿತು. ಪರವಾನಗಿ ಇಲ್ಲದವನೇ ಕಾನೂನಿನಿಂದ ಹೊರಗೆ!

ಮರುವರ್ಷ ಮೇ ತಿಂಗಳಲ್ಲಿ ಪನಾಮಾ ನಗರದ ಅಂಗಡಿಯೊಂದರಲ್ಲಿ ಮಧ್ಯಮ ದರ್ಜೆಯ ಸರ್ಕಾರಿ ನೌಕರನೊಬ್ಬ 59 ಸೆಂಟ್‌ನ ಟೂತ್‌ಪೇಸ್ಟಿನ ಮೇಲಿನ ಚೀಟಿ ಓದಿದ. ಡೈಎಥಿಲೀನ್ ಗ್ಲೈಕಾಲ್ ಎಂದು ಅಲ್ಲಿ ಮುಚ್ಚುಮರೆಯಿಲ್ಲದೆ ಅಚ್ಚಾಗಿತ್ತು. ಹಿಂದಿನ ವರ್ಷದ ಸಾವುಗಳಿಂದ ಆ ಹೆಸರು ಅವನಿಗೆ ನೆನಪಿತ್ತು. ಒಂದು ಟ್ಯೂಬ್ ಕೊಂಡು, ರಜೆ ಹಾಕಿ, ಆರೋಗ್ಯ ಕಚೇರಿಯಿಂದ ಕಚೇರಿಗೆ ಅಲೆದು ದೂರು ಬರೆದುಕೊಟ್ಟ. ಇಂಥ ಅಲೆದಾಟ ನಮ್ಮವರಿಗೂ ಹೊಸದಲ್ಲ. ಬಹುಪಾಲು ಜನ ಎರಡನೆಯ ಬಾಗಿಲಲ್ಲೇ ಹಿಂತಿರುಗುತ್ತಾರೆ.

ಪನಾಮಾ ಎಚ್ಚರಿಸಿತು. ಜೂನ್ 1ರಂದು ಅಮೆರಿಕ ತನ್ನ ಪ್ರಜೆಗಳನ್ನು ಎಚ್ಚರಿಸಿತು. ದೇಶದಿಂದ ದೇಶಕ್ಕೆ ಸುದ್ದಿ ಹಬ್ಬಿ, ಅಂಥ ಟೂತ್‌ಪೇಸ್ಟು ಹಲವು ಖಂಡಗಳಲ್ಲಿ ಸಿಕ್ಕಿತು. ಜುಲೈನಲ್ಲಿ ಚೀನಾ ಟೂತ್‌ಪೇಸ್ಟಿನಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. 2008ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಚೀನಾದಲ್ಲೇ ಕಚೇರಿ ತೆರೆಯಿತು. ಗ್ರಾಹಕ ಕಾನೂನು ಜಾರಿ ಮಾಡುವ ಇಲಾಖೆಗಳ ಅಂತರರಾಷ್ಟ್ರೀಯ ಜಾಲವೊಂದು 1992ರಿಂದಲೇ ಇತ್ತು. ಆದರೆ ಜಾಲವಿದ್ದರಷ್ಟೇ ಸಾಲದು, ಯಾರಾದರೂ ಮೊದಲು ಕೂಗಬೇಕು.

ನಮ್ಮ ದೇಶದ ಲೆಕ್ಕವೂ ಉಂಟು. ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ 1986ರಲ್ಲೇ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಇದೇ ವಿಷ ಬೆರೆತ ಗ್ಲಿಸರಿನ್‌ನಿಂದ 14 ರೋಗಿಗಳು ತೀರಿಕೊಂಡರು. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಮಕ್ಕಳು ಸತ್ತಾಗ ವಿಶ್ವ ಆರೋಗ್ಯ ಸಂಸ್ಥೆ ಬೊಟ್ಟು ಮಾಡಿದ್ದು ಹರಿಯಾಣದಲ್ಲಿ ತಯಾರಾದ ಸಿರಪ್‌ಗಳತ್ತ. ಅನಂತರ, 2023ರ ಜೂನ್ 1ರಿಂದ, ರಫ್ತಾಗುವ ಕೆಮ್ಮಿನ ಸಿರಪ್ಪಿಗೆ ಸರ್ಕಾರಿ ಮಾನ್ಯತೆಯ ಪ್ರಯೋಗಾಲಯದ ಪರೀಕ್ಷೆ ಕಡ್ಡಾಯವಾಯಿತು.

2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಮಕ್ಕಳು ಸತ್ತರು. ಸಿರಪ್ ತಮಿಳುನಾಡಿನದು. ಆ ರಾಜ್ಯದ ಪ್ರಯೋಗಾಲಯ ಅದರಲ್ಲಿ ಶೇ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಕಂಡಿತು. ಹೊರದೇಶಕ್ಕೂ ಹೋಗಿದೆಯೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಕೇಳಿತು. ಇಲ್ಲ, ರಫ್ತಾಗಿಲ್ಲ ಎಂಬ ಉತ್ತರ ಹೋಯಿತು. ರಫ್ತಾಗುವುದಿದ್ದರೆ ಅದಕ್ಕೆ ಆ ಪರೀಕ್ಷೆ ಆಗಲೇಬೇಕಿತ್ತು.